ಸಂಬಂಧದೊಳಗಿನ ವಿವಾಹ: ಅನುಮತಿಯೂ ಹೊಣೆಯೂ

ಒಂಬತ್ತು ವರ್ಷಗಳ ಹಿಂದಿನ ಮಾತು. ನಾನಾಗ ಈ ಊರಿನ ಮದ್ರಸಕ್ಕೆ ಅಧ್ಯಾಪಕನಾಗಿ ಬಂದು ಕೆಲವೇ ತಿಂಗಳಾಗಿತ್ತು. ಅಸರ್ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುತ್ತಿದ್ದಾಗ ಜಮಾಅತಿನ ಹಿರಿಯರೊಬ್ಬರು ಹತ್ತಿರ ಬಂದರು. "ಉಸ್ತಾದರೇ, ಒಂದು ವಿಷಯ ಕೇಳಬೇಕಿತ್ತು. ಮಗಳನ್ನು ನನ್ನ ತಂಗಿಯ ಮಗನಿಗೆ ಕೊಡಬೇಕೆಂದಿದ್ದೇವೆ. ದೀನಿನಲ್ಲಿ ಏನಾದರೂ ಅಡ್ಡಿ ಇದೆಯೇ?" ಎಂದರು. ಹುಡುಗ ಹುಡುಗಿಯರ ನಡುವೆ ಹಾಲಿನ ಸಂಬಂಧವೇನಾದರೂ ಉಂಟೇ ಎಂದು ಕೇಳಿದೆ. ಇಲ್ಲ ಎಂದರು. "ಹಾಗಾದರೆ ಯಾವ ಅಡ್ಡಿಯೂ ಇಲ್ಲ, ಜಾಇಝ್" ಎಂದೆ. ಅವರು ಅಲ್‌ಹಮ್ದುಲಿಲ್ಲಾಹ್ ಎಂದು ನನ್ನ ಕೈ ಹಿಡಿದು ಸಂತೋಷದಿಂದ ಹೋದರು. ಇಡೀ ಮಾತುಕತೆ ಚಪ್ಪಲಿ ಮೆಟ್ಟುವಷ್ಟು ಹೊತ್ತಿನಲ್ಲಿ ಮುಗಿದಿತ್ತು.

ನಿಕಾಹ್ ನಡೆಯಿತು. ಎರಡು ವರ್ಷದೊಳಗೆ ಗಂಡು ಮಗುವಾಯಿತು. ಮಗುವಿಗೆ ಎಂಟು ತಿಂಗಳಾಗುವಾಗ ಮೈ ಬಿಳಿಚಿಕೊಳ್ಳತೊಡಗಿತು. ಹಾಲು ಕುಡಿಯದು, ಹೊಟ್ಟೆ ಉಬ್ಬಿಕೊಂಡಿತು, ರಾತ್ರಿಯಿಡೀ ಅಳು. ದೃಷ್ಟಿಯಾಗಿದೆ ಎಂದು ನೆರೆಯವರು ಹೇಳಿದರು. ಓದಿ ಊದಿದ ನೀರು ಕೇಳಿಕೊಂಡು ನನ್ನ ಬಳಿಗೂ ಬಂದರು, ನಾನು ಕೊಟ್ಟೆ. ಕೊನೆಗೆ ಪೇಟೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಮೇಲೆ ರೋಗದ ಹೆಸರು ತಿಳಿಯಿತು: ಥಲಸ್ಸೇಮಿಯಾ. ವೈದ್ಯರು ಕುಟುಂಬದ ವಿವರಗಳನ್ನು ಒಂದೊಂದಾಗಿ ಕೇಳಿದಾಗ ಇನ್ನೊಂದು ಸಂಗತಿಯೂ ಹೊರಬಂತು. ಹುಡುಗನ ಬೆನ್ನಿಗೆ ಹುಟ್ಟಿದ್ದ ತಂಗಿಯೊಬ್ಬಳು ಎರಡು ವರ್ಷದವಳಿದ್ದಾಗ ಹೀಗೆಯೇ ಬಿಳಿಚಿ ತೀರಿಹೋಗಿದ್ದಳು. ಮನೆಯವರಿಗೆಲ್ಲ ಅದು ಗೊತ್ತಿತ್ತು. ಕೇಳಿದ್ದರೆ ನನಗೂ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ನನ್ನ ಉತ್ತರ ತಪ್ಪಾಗಿರಲಿಲ್ಲ. ಇಂದು ಯಾರು ಕೇಳಿದರೂ ಮಸ್‌ಅಲ ಅದೇ. ಆದರೆ ಸರಿಯಾದ ಉತ್ತರ ಕೊಟ್ಟವನ ಹೊಣೆ ಆ ಉತ್ತರದೊಂದಿಗೇ ಮುಗಿಯುತ್ತದೆಯೇ? ಅನುಮತಿ ಇದೆ ಎಂದು ತಿಳಿದ ಮಾತ್ರಕ್ಕೆ ಅದನ್ನು ಬಳಸಿಕೊಂಡವನು ಹೊಣೆಯಿಂದ ಪಾರಾಗುತ್ತಾನೆಯೇ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮೊದಲು ಧರ್ಮದ ನಿಲುವನ್ನು ಸ್ಪಷ್ಟಪಡಿಸಿಕೊಳ್ಳೋಣ. ಯಾರನ್ನು ವಿವಾಹವಾಗಬಾರದು ಎಂಬುದನ್ನು ಪವಿತ್ರ ಕುರ್‌ಆನ್ ಸೂರಃ ಅನ್ನಿಸಾದ 23ನೆಯ ವಚನದಲ್ಲಿ ಎಣಿಸಿ ಹೇಳಿದೆ. ತಾಯಿ, ಮಗಳು, ಸಹೋದರಿ, ತಂದೆಯ ಸಹೋದರಿ, ತಾಯಿಯ ಸಹೋದರಿ, ಸಹೋದರನ ಮಗಳು, ಸಹೋದರಿಯ ಮಗಳು. ಬಳಿಕ ಹಾಲಿನ ಸಂಬಂಧ ಮತ್ತು ವಿವಾಹ ಸಂಬಂಧದವರು. ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಮ್ಮಂದಿರ ಮಕ್ಕಳು ಈ ಪಟ್ಟಿಯಲ್ಲಿಲ್ಲ. ಅವರು ವಿವಾಹಕ್ಕೆ ಸಮ್ಮತರೆಂಬುದಕ್ಕೆ ಸೂರಃ ಅಲ್ ಅಹ್‌ಝಾಬ್‌ನ 50ನೆಯ ವಚನವೂ ಆಧಾರ. ಪ್ರವಾದಿವರ್ಯರ(ಸ) ಪತ್ನಿ ಹ. ಝೈನಬ್ ಬಿನ್ತ್ ಜಹ್‌ಶ್(ರ) ಅವರ ಸೋದರತ್ತೆ ಉಮೈಮಾರ ಮಗಳು. ಹಿರಿಯ ಮಗಳು ಹ. ಝೈನಬ್‌ರನ್ನು(ರ) ವಿವಾಹವಾದ ಅಬುಲ್ ಆಸ್(ರ), ಹ. ಖದೀಜಾರ(ರ) ಸಹೋದರಿ ಹಾಲಾರ ಮಗ. ಹ. ಫಾತಿಮಾರನ್ನು(ರ) ಪ್ರವಾದಿವರ್ಯರು(ಸ) ತಮ್ಮ ದೊಡ್ಡಪ್ಪನ ಮಗ ಹ. ಅಲಿಯವರಿಗೆ(ರ) ವಿವಾಹ ಮಾಡಿಕೊಟ್ಟರು. ಹೀಗಿರುವಾಗ ಇಂತಹ ವಿವಾಹವನ್ನು ಹರಾಮ್ ಎನ್ನಲು, ಹೇಸಿಗೆ ಎನ್ನಲು ಯಾರಿಗೂ ಅಧಿಕಾರವಿಲ್ಲ. ಈ ಲೇಖನದ ಉದ್ದೇಶವೂ ಅದಲ್ಲ. ನನ್ನ ತಂದೆ ತಾಯಿಯೇ ಅಕ್ಕ ತಂಗಿಯರ ಮಕ್ಕಳು. ನಾವು ಐವರು ಮಕ್ಕಳೂ ಅಲ್ಲಾಹನ ಅನುಗ್ರಹದಿಂದ ಆರೋಗ್ಯವಂತರು.

ಆದರೆ ನಮ್ಮ ವಿದ್ವಾಂಸರು 'ಜಾಇಝ್' ಎಂಬಲ್ಲಿಗೆ ಪುಸ್ತಕ ಮುಚ್ಚಲಿಲ್ಲ. ಕರಾವಳಿಯ ನಾವು ಬಹುಪಾಲು ಶಾಫಿಈ ಮದ್‌ಹಬಿನವರು. ಆ ಮದ್‌ಹಬಿನ ಮಹಾ ವಿದ್ವಾಂಸ ಇಮಾಮ್ ನವವಿ (ಮರಣ ಕ್ರಿ.ಶ. 1277) ತಮ್ಮ 'ಮಿನ್‌ಹಾಜ್'ನಲ್ಲಿ, ವಧುವನ್ನು ಆರಿಸುವಾಗ ಆಕೆ ತೀರಾ ಹತ್ತಿರದ ಸಂಬಂಧಿಯಾಗಿರದಿರುವುದು ಉತ್ತಮವೆಂದು ಬರೆದಿದ್ದಾರೆ. ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೆಯ ಶತಮಾನದಲ್ಲಿ ರಚಿಸಿದ 'ಫತ್‌ಹುಲ್ ಮುಈನ್' ನಮ್ಮ ದರ್ಸ್‌ಗಳಲ್ಲಿ ಇಂದಿಗೂ ಪಾಠಪುಸ್ತಕ. ಅದರಲ್ಲಿಯೂ ಹತ್ತಿರದ ಸಂಬಂಧಿಗಿಂತ ದೂರದ ಸಂಬಂಧಿ ಮೇಲು, ಹತ್ತಿರದವರಲ್ಲಿ ಹುಟ್ಟುವ ಮಗು ಕೃಶವಾಗುತ್ತದೆ ಎಂಬರ್ಥದ ಮಾತಿದೆ. ಇಮಾಮ್ ಗಝ್ಝಾಲಿಯವರೂ 'ಇಹ್ಯಾ'ದ ನಿಕಾಹ್ ಅಧ್ಯಾಯದಲ್ಲಿ ಇದನ್ನೇ ಹೇಳಿದ್ದಾರೆ. ದಂಪತಿಗಳ ನಡುವಿನ ಆಕರ್ಷಣೆ ಕಡಿಮೆಯಾಗುವುದೇ ಇದಕ್ಕೆ ಕಾರಣವೆಂದು ಅವರು ತಿಳಿದಿದ್ದರು. ಕಾರಣವನ್ನು ತಮ್ಮ ಕಾಲದ ತಿಳಿವಳಿಕೆಯಂತೆ ಹೇಳಿದರು. ಕಂಡದ್ದನ್ನು ಮಾತ್ರ ಸರಿಯಾಗಿಯೇ ಕಂಡಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹತ್ತಿರದ ಸಂಬಂಧದಲ್ಲಿ ವಿವಾಹವಾಗಬೇಡಿ, ಮಕ್ಕಳು ದುರ್ಬಲರಾಗುತ್ತಾರೆ ಎಂಬ ಅರ್ಥದ ಮಾತನ್ನು ಕೆಲವು ಭಾಷಣಕಾರರು ಹದೀಸ್ ಎಂದು ಹೇಳುವುದುಂಟು. ಅದಕ್ಕೆ ನಂಬಲರ್ಹ ಮೂಲ ತಮಗೆ ಸಿಗಲಿಲ್ಲವೆಂದು ಹದೀಸ್ ಶಾಸ್ತ್ರಜ್ಞ ಇಬ್ನು ಸ್ಸಲಾಹ್ ಹೇಳಿದ್ದಾರೆ. ಸಾಇಬ್ ಕುಟುಂಬದವರು ತಮ್ಮೊಳಗೇ ವಿವಾಹವಾಗಿ ಕೃಶರಾಗುತ್ತಿರುವುದನ್ನು ಕಂಡ ಹ. ಉಮರ್(ರ), ಹೊರಗಿನಿಂದ ಹೆಣ್ಣು ತರುವಂತೆ ಅವರಿಗೆ ಹೇಳಿದರೆಂಬ ವರದಿಯಿದೆ. ಮಾತು ಎಷ್ಟೇ ಒಳ್ಳೆಯದಾಗಿರಲಿ, ಪ್ರವಾದಿವರ್ಯರು(ಸ) ಹೇಳಿದ್ದೆಂದು ಖಚಿತವಿಲ್ಲದ್ದನ್ನು ಅವರ ಹೆಸರಿನಲ್ಲಿ ಹೇಳಬಾರದು. ಒಳ್ಳೆಯ ಕೆಲಸಕ್ಕೆಂದು ಸುಳ್ಳು ಆಧಾರ ಕೊಟ್ಟರೆ, ನಾಳೆ ಆ ಆಧಾರ ಕುಸಿದಾಗ ಕೆಲಸವೂ ಕುಸಿಯುತ್ತದೆ.

ಇವೆಲ್ಲವನ್ನೂ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅಂದು ಚಪ್ಪಲಿ ಮೆಟ್ಟುವಾಗ ನೆನಪಾಗಲಿಲ್ಲ.

ಸೋದರಿಕೆಯ ಮದುವೆ ಮುಸ್ಲಿಮರ ಪದ್ಧತಿ ಎಂದು ಹೇಳುವವರಿದ್ದಾರೆ. ನಮ್ಮಲ್ಲಿಯೂ ಅನೇಕರು ಹಾಗೆಯೇ ತಿಳಿದು, ಅದನ್ನು ಬಿಟ್ಟರೆ ಸುನ್ನತ್ತನ್ನೇ ಬಿಟ್ಟಂತೆ ಎಂದು ಭಾವಿಸಿದ್ದಾರೆ. ಎರಡೂ ಸರಿಯಲ್ಲ. ಕನ್ನಡ ಭಾಷೆಯನ್ನೇ ನೋಡಿ. 'ಅತ್ತೆ' ಎಂದರೆ ತಂದೆಯ ಸಹೋದರಿ, ಗಂಡನ ತಾಯಿಯೂ ಹೌದು. 'ಮಾವ' ಎಂದರೆ ತಾಯಿಯ ಸಹೋದರ, ಹೆಂಡತಿಯ ತಂದೆಯೂ ಹೌದು. ಎರಡು ಸಂಬಂಧಕ್ಕೆ ಒಂದೇ ಪದ ಸಾಕಾಗುವಷ್ಟು ಹಳೆಯ ರೂಢಿ ಈ ಮಣ್ಣಿನದು. ಅರಬರಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಮಗಳೇ ಮೊದಲ ಆಯ್ಕೆ. ಹೆಂಡತಿಯನ್ನು 'ಬಿನ್ತು ಅಮ್ಮೀ', ಅಂದರೆ ನನ್ನ ಚಿಕ್ಕಪ್ಪನ ಮಗಳು, ಎಂದು ಕರೆಯುವ ವಾಡಿಕೆಯೂ ಅಲ್ಲಿದೆ. ಕನ್ನಡ ನಾಡಿನ ಹೆಚ್ಚಿನ ಮನೆಗಳಲ್ಲಿ ಆ ಹುಡುಗಿ ತಂಗಿ. ಅಂದರೆ ಇದು ಇಲ್ಲಿಯೂ ಅಲ್ಲಿಯೂ ಇಸ್ಲಾಮಿಗಿಂತ ಹಿಂದಿನಿಂದ ಇದ್ದ ರೂಢಿ. ಇಸ್ಲಾಮ್ ಅದಕ್ಕೆ ಎಲ್ಲೆ ಹಾಕಿತು, ಅದನ್ನು ಹುಟ್ಟುಹಾಕಲಿಲ್ಲ. ದಕ್ಷಿಣ ಭಾರತದ ಹಲವು ಸಮುದಾಯಗಳಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯುಂಟು. ಇಸ್ಲಾಮಿನಲ್ಲಿ ಅದು ಕಟ್ಟುನಿಟ್ಟಾಗಿ ನಿಷಿದ್ಧ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ರಕ್ತಸಂಬಂಧಿಯನ್ನೇ ವಿವಾಹವಾದ ಮಹಿಳೆಯರು 100ಕ್ಕೆ ಸುಮಾರು 27, ತಮಿಳುನಾಡಿನಲ್ಲಿ 28, ಇಡೀ ದೇಶದಲ್ಲಿ 11. ಇದು ಒಂದು ಧರ್ಮದವರ ಲೆಕ್ಕವಲ್ಲ, ಎಲ್ಲರದು.

ಈಗ ವೈದ್ಯಶಾಸ್ತ್ರ ಹೇಳುವುದನ್ನು ನೋಡೋಣ. ಆ ಮಗುವಿನ ದೆಸೆಯಿಂದ ನಾನು ವೈದ್ಯರ ಬಳಿ ಕುಳಿತು ಕಲಿತದ್ದು ಇದು. ನಮ್ಮ ದೇಹದ ಪ್ರತಿಯೊಂದು ವಂಶವಾಹಿಯೂ ಸಾಮಾನ್ಯವಾಗಿ ಜೋಡಿಯಾಗಿರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಅನೇಕ ರೋಗಗಳಲ್ಲಿ ಜೋಡಿಯ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಅಂತಹವನು ವಾಹಕ. ಅವನಿಗೆ ಕಾಯಿಲೆಯಿಲ್ಲ, ತಾನು ವಾಹಕನೆಂಬ ಅರಿವೂ ಇರುವುದಿಲ್ಲ. ಒಂದೇ ದೋಷದ ಇಬ್ಬರು ವಾಹಕರು ವಿವಾಹವಾದರೆ ಮಾತ್ರ ತೊಂದರೆ. ಆಗ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಾಧ್ಯತೆ 100ಕ್ಕೆ 25. ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬಂದರೆ ಉಳಿದ ಮೂರು ಸುರಕ್ಷಿತ ಎಂದು ಇದರ ಅರ್ಥವಲ್ಲ. ಪ್ರತಿ ಸಲವೂ ಹೊಸದಾಗಿ ಅದೇ 25. ಈ ತಪ್ಪು ತಿಳಿವಳಿಕೆಯಿಂದ ಎರಡನೆಯ ರೋಗಿ ಮಗುವನ್ನು ಪಡೆದ ಮನೆಗಳಿವೆ.

ಅಜ್ಜನಲ್ಲಿ ಅಥವಾ ಅಜ್ಜಿಯಲ್ಲಿ ಅಡಗಿದ್ದ ಒಂದು ದೋಷ ಮಗನ ಮೂಲಕ ಮೊಮ್ಮಗಳಿಗೂ ಮಗಳ ಮೂಲಕ ಮೊಮ್ಮಗನಿಗೂ ಇಳಿಯಬಹುದು. ಆ ಇಬ್ಬರು ದಂಪತಿಗಳಾದಾಗ ಎರಡು ದಾರಿ ಹಿಡಿದು ಹೋದ ಒಂದೇ ದೋಷ ಮಗುವಿನಲ್ಲಿ ಮತ್ತೆ ಸೇರುತ್ತದೆ. ಅತ್ತೆ ಮಾವಂದಿರ ಮಕ್ಕಳಲ್ಲಿ ಸರಾಸರಿ ಎಂಟನೆಯ ಒಂದು ಪಾಲು ವಂಶವಾಹಿಗಳು ಸಮಾನ. ಹೊರಗಿನಿಂದ ಬಂದ ಇಬ್ಬರಲ್ಲಿ ಅದೇ ಅಪರೂಪದ ದೋಷ ಇರುವ ಸಂಭವ ಬಹಳ ಕಡಿಮೆ. ಮೂರು ನಾಲ್ಕು ತಲೆಮಾರು ಇದೇ ಮನೆಯಿಂದ ಕೊಟ್ಟು ಇದೇ ಮನೆಯಿಂದ ತಂದಲ್ಲಿ ಸಮಾನ ಪಾಲು ಇನ್ನೂ ಹೆಚ್ಚುತ್ತದೆ. ಥಲಸ್ಸೇಮಿಯಾ ಮಾತ್ರವಲ್ಲ, ಹುಟ್ಟಿನಿಂದ ಬರುವ ಕಿವುಡುತನ, ಕಣ್ಣಿನ ಕೆಲವು ರೋಗಗಳು, ಬುದ್ಧಿ ಬೆಳವಣಿಗೆಯ ಕೆಲವು ತೊಂದರೆಗಳು ಈ ದಾರಿಯಲ್ಲಿ ಬರುತ್ತವೆ.

ಹಾಗೆಂದು ಹೆದರಿಸುವ ಅಗತ್ಯವಿಲ್ಲ. ಪಾಕಿಸ್ತಾನಿ ಮೂಲದ ಕುಟುಂಬಗಳು ಬಹಳವಾಗಿರುವ ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ನಗರದಲ್ಲಿ 11,000ಕ್ಕೂ ಹೆಚ್ಚು ಶಿಶುಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಹುಟ್ಟು ನ್ಯೂನತೆಗಳ ಸಂಭವ ಸಾಮಾನ್ಯವಾಗಿ 100ಕ್ಕೆ ಸುಮಾರು 3 ಇದ್ದರೆ, ಸೋದರಿಕೆಯ ವಿವಾಹಗಳಲ್ಲಿ ಸುಮಾರು 6. ಬಡತನದ ಪ್ರಭಾವವನ್ನು ಬೇರ್ಪಡಿಸಿ ನೋಡಿದರೂ ಈ ವ್ಯತ್ಯಾಸ ಉಳಿಯಿತು. ಅದೇ ಅಧ್ಯಯನದಲ್ಲಿ 34 ವರ್ಷ ದಾಟಿದ ಮೇಲೆ ಹೆರುವ ಬಿಳಿಯ ಮಹಿಳೆಯರಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಏರಿಕೆ ಕಂಡಿತೆಂಬುದನ್ನು ನಮ್ಮನ್ನು ಹೀಗಳೆಯುವವರು ಹೇಳುವುದಿಲ್ಲ. 100ರಲ್ಲಿ 94 ಮಕ್ಕಳಿಗೆ ಏನೂ ಆಗುವುದಿಲ್ಲ, ನನ್ನ ಮನೆಯಂತೆ. ಆದರೆ ಉಳಿದ ಆರರಲ್ಲಿ ಒಂದಾದ ಮಗುವಿಗೆ ಅದು ಪೂರ್ಣ ನೂರು. ಆ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಏರಿಸಿದ ರಕ್ತದ ಕಬ್ಬಿಣಾಂಶ ಹೃದಯದಲ್ಲಿ, ಯಕೃತ್ತಿನಲ್ಲಿ ಶೇಖರವಾಗದಂತೆ ಜೀವನವಿಡೀ ಔಷಧಿ ಕೊಡಬೇಕು.

ಇದಕ್ಕೆ ನಮ್ಮವರ ಸಿದ್ಧ ಉತ್ತರವೊಂದಿದೆ: ಎಲ್ಲವೂ ಅಲ್ಲಾಹನ ವಿಧಿ, ಬರುವುದಿದ್ದರೆ ಹೊರಗಿನ ಹೆಣ್ಣನ್ನು ತಂದರೂ ಬರುತ್ತದೆ. ವಿಧಿಯಲ್ಲಿ ನಮಗೂ ವಿಶ್ವಾಸವಿದೆ. ಆದರೆ ಶಾಮ್ ನಾಡಿನಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ಹ. ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಹ. ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದಲ್ಲಿ ಉತ್ತರಿಸಿದರು. ಒಂಟೆಯನ್ನು ಕಟ್ಟಿ ಆ ಮೇಲೆ ಭರವಸೆಯಿಡಲು ಕಲಿಸಿದ ದೀನ್ ನಮ್ಮದು. ಅನ್ಸಾರಿ ಹೆಣ್ಣೊಬ್ಬಳನ್ನು ವರಿಸಲಿದ್ದ ಸಹಾಬಿಯೊಬ್ಬರಿಗೆ ಪ್ರವಾದಿವರ್ಯರು(ಸ), ಅನ್ಸಾರರ ಕಣ್ಣುಗಳಲ್ಲಿ ಏನೋ ಇದೆ, ಆಕೆಯನ್ನು ನೋಡಿಕೋ ಎಂಬ ಅರ್ಥದ ಸಲಹೆ ಕೊಟ್ಟದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ನಿಕಾಹಿಗೆ ಮೊದಲು ದೇಹದ ವಿಚಾರವನ್ನು ವಿಚಾರಿಸುವುದು ತವಕ್ಕುಲ್‌ಗೆ ವಿರುದ್ಧವಾಗಿದ್ದರೆ ಈ ಸಲಹೆ ಬರುತ್ತಿರಲಿಲ್ಲ. ಹುಡುಗ ಯಾರ ಎದೆಹಾಲು ಕುಡಿದಿದ್ದಾನೆಂದು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿ ವಿಚಾರಿಸುವ ನಾವು, ಆ ಮನೆಯಲ್ಲಿ ಯಾವ ಮಗು ಯಾವ ಕಾಯಿಲೆಯಿಂದ ತೀರಿಕೊಂಡಿತು ಎಂದು ವಿಚಾರಿಸುವುದಿಲ್ಲ. ವಿಚಾರಿಸಲು ಕಲಿಸಿದ್ದು ಶರೀಅತ್. ನಾವು ಅರ್ಧ ಮಾತ್ರ ಕಲಿತೆವು.

ಇನ್ನು ಸಾಮಾಜಿಕ ಮುಖ. ನನಗೆ ಕಂಡಂತೆ ರೋಗಕ್ಕಿಂತ ಇದರ ಹಾನಿ ಹೆಚ್ಚು ಮನೆಗಳನ್ನು ತಟ್ಟುತ್ತದೆ. ಸಂಬಂಧದೊಳಗೆ ಕೊಡುವವರ ಮನಸ್ಸು ಕೆಟ್ಟದ್ದಲ್ಲ. ಅಪರಿಚಿತ ಮನೆಗೆ ಮಗಳನ್ನು ಕಳುಹಿಸುವ ಭಯ ಯಾವ ತಂದೆಗಿಲ್ಲ? ಹೊರಗೆ ಕೊಟ್ಟರೆ ಚಿನ್ನ, ಕಾರು, ಹಾಲ್‌ನ ಖರ್ಚು. ತಂಗಿಯ ಮನೆಯಾದರೆ ತಂಗಿ ಬಾಯಿಬಿಟ್ಟು ಕೇಳಲಾರಳು. ತಂದೆಯನ್ನು ಕಳಕೊಂಡ ಎಷ್ಟೋ ಹೆಣ್ಣುಮಕ್ಕಳಿಗೆ ಸೋದರತ್ತೆಯ ಮನೆಯೇ ಆಸರೆಯಾಗಿದೆ. ವರದಕ್ಷಿಣೆಯ ಪಿಡುಗನ್ನು ತೊಡೆಯದೆ ಸೋದರಿಕೆಯ ವಿವಾಹವನ್ನು ಮಾತ್ರ ಟೀಕಿಸುವವರು ಬಡ ತಂದೆಯ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆಯದವರು. ಆದರೆ ಎಲ್ಲರ ಉದ್ದೇಶವೂ ಇದೇ ಅಲ್ಲ. ಹೆಣ್ಣುಮಕ್ಕಳ ಪಾಲಿನ ಜಾಗ ಹೊರಗೆ ಹೋಗಬಾರದೆಂದು ಕೊಡುವವರಿದ್ದಾರೆ. ನಿನ್ನ ಮಗಳು ನನ್ನ ಮಗನಿಗೆ, ನನ್ನ ಮಗಳು ನಿನ್ನ ಮಗನಿಗೆ ಎಂದು ಅದಲುಬದಲು ಮಾಡಿ ಎರಡೂ ಕಡೆಯ ಮಹ್ರನ್ನು ವಜಾ ಮಾಡಿಕೊಳ್ಳುವ 'ಶಿಗಾರ್' ವಿವಾಹವನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಹೆಸರಿಗೆ ಸ್ವಲ್ಪ ಮಹ್ರ್ ಇಟ್ಟು ಅದೇ ಕೆಲಸ ನಡೆಯುವುದನ್ನು ನಾವು ಕಾಣುತ್ತೇವೆ. ಅಲ್ಲಿ ಒಂದು ಮನೆಯ ಜಗಳಕ್ಕೆ ಎರಡು ಮನೆಯ ಹೆಣ್ಣುಮಕ್ಕಳು ತವರು ಸೇರುತ್ತಾರೆ.

ಸಂಬಂಧ ಗಟ್ಟಿಯಾಗಲಿ ಎಂದು ಕೊಟ್ಟೆವು ಎನ್ನುತ್ತಾರೆ. ಇದನ್ನು ಸ್ವಲ್ಪ ಯೋಚಿಸಬೇಕು. ಅಣ್ಣ ತಂಗಿಯರ ಸಂಬಂಧ ಕಾಪಾಡುವುದು ಕಡ್ಡಾಯ. ರಕ್ತಸಂಬಂಧ ಕಡಿಯುವವನ ಬಗ್ಗೆ ಬಂದ ಎಚ್ಚರಿಕೆಗಳು ನಮಗೆ ಗೊತ್ತು. ಅವರ ಮಕ್ಕಳ ನಡುವಿನ ವಿವಾಹ ಕೇವಲ ಅನುಮತಿಸಲ್ಪಟ್ಟದ್ದು. ವಿವಾಹ ಮುರಿಯಬಹುದಾದ ಕರಾರು, ರಕ್ತಸಂಬಂಧ ಮುರಿಯಬಾರದ್ದು. ಮುರಿಯಬಾರದ್ದನ್ನು ಮುರಿಯಬಹುದಾದದ್ದಕ್ಕೆ ಕಟ್ಟಿದಾಗ ಏನಾಗುತ್ತದೆಂದು ತಲಾಖ್ ಆದ ಮನೆಗಳಲ್ಲಿ ನೋಡಿ. ಗಂಡ ಹೆಂಡತಿ ಬೇರೆಯಾದರೆ ಸಾಲದು. ಅಣ್ಣ ತಂಗಿ ಮಾತು ಬಿಡುತ್ತಾರೆ, ಈದ್ ದಿನ ಮುದಿ ತಾಯಿ ಯಾರ ಮನೆಗೆ ಹೋಗಬೇಕೆಂದು ತಿಳಿಯದೆ ಒಬ್ಬಳೇ ಕೂರುತ್ತಾಳೆ. ಮುರಿಯದೆ ಉಳಿದ ಎಷ್ಟೋ ವಿವಾಹಗಳು ಉಳಿದಿರುವುದೂ ಈ ಭಯದಿಂದಲೇ. ಗಂಡ ಹೊಡೆದರೆ ಹುಡುಗಿ ಯಾರಲ್ಲಿ ದೂರಬೇಕು? ತಂದೆಯಲ್ಲಿ ಹೇಳಿದರೆ ಅವರ ಸ್ವಂತ ತಂಗಿಯ ಮೇಲೆ ಹೇಳಿದಂತೆ.

ಹುಡುಗಿಯ ಒಪ್ಪಿಗೆಯೂ ಇಲ್ಲಿ ಸುಲಭದ ವಿಷಯವಲ್ಲ. ಕನ್ಯೆಯ ಮೌನವೇ ಸಮ್ಮತಿ ಎಂಬ ಹದೀಸನ್ನು ಎಲ್ಲರೂ ಬಲ್ಲರು. ಆದರೆ ಅತ್ತೆಯ ಮಡಿಲಲ್ಲಿ ಬೆಳೆದವಳು, 'ನನ್ನ ಸೊಸೆ' ಎಂದು ತೊಟ್ಟಿಲಲ್ಲಿರುವಾಗಲೇ ಕರೆಸಿಕೊಂಡವಳು, ಅದೇ ಅತ್ತೆ ಎದುರಿಗೆ ಕುಳಿತಿರುವಾಗ ಬೇಡವೆಂದು ಹೇಳುವುದು ಹೇಗೆ? ಆ ಮೌನ ಲಜ್ಜೆಯದೋ ಅಸಹಾಯಕತೆಯದೋ ಎಂದು ತಿಳಿಯುವ ಹೊಣೆ ವಲಿಯದು. ನಮ್ಮ ಮದ್‌ಹಬಿನಲ್ಲಿ ತಂದೆಗೆ ಅಧಿಕಾರವಿದೆ ಎನ್ನುವವರು, ಅದೇ ಗ್ರಂಥಗಳು ಆ ಅಧಿಕಾರಕ್ಕೆ ಹಾಕಿದ ಶರ್ತಗಳನ್ನೂ, ಮಗಳ ಅನುಮತಿ ಕೇಳುವುದು ಸುನ್ನತ್ ಎಂದದ್ದನ್ನೂ ಓದಬೇಕು. ನಸಾಈ ಮತ್ತು ಇಬ್ನು ಮಾಜಃ ಗ್ರಂಥಗಳಲ್ಲಿ ಒಂದು ಘಟನೆಯಿದೆ. ತಂದೆ ತನ್ನ ಅಂತಸ್ತು ಏರಿಸಿಕೊಳ್ಳಲು ತನ್ನನ್ನು ಅವರ ಸಹೋದರನ ಮಗನಿಗೆ ಕೊಟ್ಟಿದ್ದಾರೆಂದು ಯುವತಿಯೊಬ್ಬಳು ದೂರು ತಂದಳು. ಪ್ರವಾದಿವರ್ಯರು(ಸ) ತೀರ್ಮಾನವನ್ನು ಆಕೆಯ ಕೈಗೇ ಕೊಟ್ಟರು. ಆಗ ಆಕೆ, ತಂದೆ ಮಾಡಿದ್ದನ್ನು ತಾನು ಒಪ್ಪಿದ್ದೇನೆ, ಈ ವಿಷಯದಲ್ಲಿ ತಂದೆಯರಿಗೆ ಇಂತಹ ಅಧಿಕಾರವಿಲ್ಲವೆಂದು ಹೆಣ್ಣುಮಕ್ಕಳು ತಿಳಿಯಲೆಂದೇ ಬಂದೆ ಎಂದಳು. ಆಕೆಯ ವರನೂ ಚಿಕ್ಕಪ್ಪ ದೊಡ್ಡಪ್ಪನ ಮಗನೇ ಆಗಿದ್ದನೆಂಬುದನ್ನು ಗಮನಿಸಿ.

ರೋಗವಿರುವ ಮಗು ಹುಟ್ಟಿದ ಮನೆಯಲ್ಲಿ ನಡೆಯುವುದು ಇನ್ನೂ ನೋವಿನದು. ನಾನು ಹೇಳಿದ ಆ ಮನೆಯಲ್ಲಿಯೂ ಮೊದಲು ಬೆರಳು ತೋರಿಸಿದ್ದು ಹೆತ್ತವಳ ಕಡೆಗೆ, ತೋರಿಸಿದ್ದು ಅವಳನ್ನು ಎತ್ತಿ ಆಡಿಸಿದ್ದ ಅತ್ತೆಯೇ. ದೋಷ ಇಬ್ಬರಿಂದಲೂ ಸಮಾನವಾಗಿ ಬಂದರೆ ಮಾತ್ರ ಈ ರೋಗವುಂಟಾಗುತ್ತದೆ. ಅತ್ತೆಯ ಸ್ವಂತ ಮಗಳು ಅದೇ ಲಕ್ಷಣಗಳಿಂದ ತೀರಿಹೋಗಿದ್ದಳು. ಆದರೂ ಸೊಸೆಯ ರಕ್ತ ಕೆಟ್ಟದ್ದು ಎಂಬ ಮಾತು ಬಂತು. ಇನ್ನೊಬ್ಬರು, ಯಾವ ಪಾಪಕ್ಕೆ ಅಲ್ಲಾಹನು ಕೊಟ್ಟ ಶಿಕ್ಷೆಯೋ ಎಂದರು. ಎಂಟು ತಿಂಗಳ ಮಗು ಯಾರ ಪಾಪ ಹೊರಬೇಕು? ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬುದು ಕುರ್‌ಆನ್ ಮತ್ತೆ ಮತ್ತೆ ಹೇಳಿದ ಮಾತು. ವಿವಾಹವಾಗಿ ಹೋದವರಿಗೆ ನಾವು ಹೇಳಬೇಕಾದದ್ದು ಪಶ್ಚಾತ್ತಾಪದ ಪಾಠವಲ್ಲ. ಅವರು ಪಾಪ ಮಾಡಿಲ್ಲ. ಅವರಿಗೆ ಬೇಕಾದದ್ದು ಸರಿಯಾದ ವೈದ್ಯ ಸಲಹೆ, ಮುಂದಿನ ಮಗುವಿಗೆ ಮೊದಲು ಪರೀಕ್ಷೆ, ಮತ್ತು ರಕ್ತ ಕೊಡುವ ಜನ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಕೂಡ ಸೇರಿದೆ ಎಂಬುದು ಅನೇಕ ಮನೆಗಳಿಗೆ ತಿಳಿದಿಲ್ಲ.

ಸೌದಿ ಅರೇಬಿಯಾದಲ್ಲಿ 2004ರಿಂದ ವಿವಾಹಕ್ಕೆ ಮುಂಚೆ ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ರೋಗಗಳಿಗಾಗಿ ರಕ್ತ ಪರೀಕ್ಷೆ ಕಡ್ಡಾಯ. ಇರಾನಿನಲ್ಲಿ ಥಲಸ್ಸೇಮಿಯಾ ತಡೆಯ ರಾಷ್ಟ್ರೀಯ ಕಾರ್ಯಕ್ರಮ 1997ರಲ್ಲೇ ಆರಂಭವಾಯಿತು. ಸೌದಿಯಲ್ಲಿ ಇಬ್ಬರೂ ವಾಹಕರೆಂದು ಕಂಡುಬಂದರೂ ವಿವಾಹವನ್ನು ಸರಕಾರ ತಡೆಯುವುದಿಲ್ಲ; ತಿಳಿಸುತ್ತದೆ, ತೀರ್ಮಾನ ಅವರದು. ನನಗೆ ಇದು ಸರಿಯೆನಿಸುತ್ತದೆ. ಅಲ್ಲಾಹನು ತೆರೆದಿಟ್ಟ ಬಾಗಿಲನ್ನು ಮುಚ್ಚುವುದು ಬೇಡ. ಬಾಗಿಲಿನಾಚೆ ಏನಿದೆಯೆಂದು ನೋಡಿ ಹೋಗಲಿ. ಪರೀಕ್ಷೆಯೇನೂ ದೊಡ್ಡದಲ್ಲ, ತೋಳಿನಿಂದ ತೆಗೆದ ಸ್ವಲ್ಪ ರಕ್ತ. ಇದು ಸೋದರಿಕೆಯವರಿಗೆ ಮಾತ್ರ ಬೇಕಾದ ಪರೀಕ್ಷೆಯೂ ಅಲ್ಲ. ಹೊರಗಿನವರಲ್ಲಿಯೂ ವಾಹಕರಿರುತ್ತಾರೆ. ಸಂಬಂಧದೊಳಗಾದರೆ ಮನೆಯ ಕಾಯಿಲೆಗಳ ವಿವರ ಹೇಳಿ ವಂಶವಾಹಿ ತಜ್ಞರ ಸಲಹೆಯನ್ನೂ ಪಡೆಯಬೇಕು, ಯಾಕೆಂದರೆ ಒಂದು ರಕ್ತ ಪರೀಕ್ಷೆಯಲ್ಲಿ ಎಲ್ಲ ರೋಗಗಳೂ ಕಾಣುವುದಿಲ್ಲ. ಮುಖ್ಯವಾಗಿ, ಇದು ಮಾತು ಕೊಡುವ ಮುಂಚೆ ಆಗಬೇಕು. ಹಾಲ್ ಗೊತ್ತುಮಾಡಿ, ಕಾಗದ ಹಂಚಿದ ಮೇಲೆ ಬಂದ ವರದಿಯನ್ನು ಯಾರೂ ಓದುವುದಿಲ್ಲ.

ಕಳೆದ ಶಅಬಾನಿನಲ್ಲಿ ಅದೇ ಹಿರಿಯರು ಎರಡನೆಯ ಮಗಳ ವಿಷಯಕ್ಕಾಗಿ ಬಂದಿದ್ದರು. ಈ ಸಲ ಇಬ್ಬರೂ ಮಸೀದಿಯ ಜಗಲಿಯಲ್ಲಿ ಮಗ್ರಿಬ್ ಬಾಂಗ್ ಆಗುವ ತನಕ ಕುಳಿತೆವು. ಹುಡುಗ ಬೇರೆ ಜಮಾಅತಿನವನು. ಆದರೂ ಮಗಳ ರಕ್ತ ಪರೀಕ್ಷೆ ಮಾಡಿಸಿದ್ದರು. ಅವಳು ವಾಹಕಿ, ಹುಡುಗನಿಗೂ ಪರೀಕ್ಷೆ ಮಾಡಿಸಿರೆಂದು ಆ ಮನೆಯವರಲ್ಲಿ ಕೇಳುವುದು ಹೇಗೆ, ಕೇಳಿದರೆ ಸಂಬಂಧ ತಪ್ಪಿಹೋಗದೇ ಎಂಬುದು ಅವರ ಚಿಂತೆ. ನಾನೇ ಹೋಗಿ ಮಾತಾಡಿದೆ. ಹುಡುಗನ ತಾಯಿಗೆ ಮೊದಲು ಸಿಟ್ಟು ಬಂತು, ನಮ್ಮ ಮಗನಲ್ಲಿ ಏನು ಐಬು ಕಂಡಿರಿ ಎಂದರು. ಹುಡುಗ ಮಾತ್ರ ಮರುದಿನವೇ ಹೋಗಿ ರಕ್ತ ಕೊಟ್ಟು ಬಂದ. ಅವನು ವಾಹಕನಲ್ಲ. ಶವ್ವಾಲಿನಲ್ಲಿ ನಿಕಾಹ್ ಆಯಿತು.

ಮೊದಲ ಮಗಳ ಮಗನಿಗೆ ಈಗ ಏಳು ವರ್ಷ. ನನ್ನ ತರಗತಿಯಲ್ಲೇ ಓದುತ್ತಾನೆ, ಮೂವತ್ತನೆಯ ಜುಝ್‌ನ ಸಣ್ಣ ಸೂರಃಗಳು ಬಾಯಿಪಾಠವಾಗಿವೆ. ರಕ್ತ ಏರಿಸಬೇಕಾದ ದಿನ ಹತ್ತಿರವಾದಂತೆ ಅವನ ದನಿ ಇಳಿಯುತ್ತದೆ, ಓದುವಾಗ ನಡುವೆ ನಿಲ್ಲುತ್ತಾನೆ. ಹಾಜರಿ ಪುಸ್ತಕದಲ್ಲಿ ನಾನು ಆ ದಿನಗಳನ್ನು ಮೊದಲೇ ಗುರುತು ಮಾಡಿಟ್ಟಿರುತ್ತೇನೆ. ಮುಂದಿನದು ಬರುವ ಸೋಮವಾರ. ದರ್ಸ್‌ನ ಇಬ್ಬರು ಹಿರಿಯ ವಿದ್ಯಾರ್ಥಿಗಳು ರಕ್ತ ಕೊಡಲು ಒಪ್ಪಿದ್ದಾರೆ.